ಪೀರನವಾಡಿಯ ಹಾದಿಯಲ್ಲಿ: ತಾಯಿ-ಕೂಸುಗಳ ಆರೈಕೆಯ ಒಂದು ಶತಮಾನ

ಬೆಳಗಾವಿಯಿಂದ ಖಾನಾಪುರದತ್ತ ಹೊರಟವರು ಟಿಳಕವಾಡಿಯನ್ನು ಹಿಂದೆ ಬಿಟ್ಟು ಕೆಲವೇ ಮೈಲು ಸಾಗುವಷ್ಟರಲ್ಲಿ ಪೀರನವಾಡಿಯನ್ನು ತಲುಪುತ್ತಾರೆ. ಅಲ್ಲಿ ಹಾದಿ ಎರಡಾಗುತ್ತದೆ. ಒಂದು ಮಚ್ಛೆಯ ಮೇಲೆ ಹಾಯ್ದು ಖಾನಾಪುರಕ್ಕೆ ಹೋಗುತ್ತದೆ; ಮತ್ತೊಂದು ಕಿಣಯೆ, ಜಾಂಬೋಟಿ, ಕಣಕುಂಬಿಗಳ ಮಾರ್ಗವಾಗಿ ಚೋರ್ಲಾ ಘಟ್ಟವನ್ನಿಳಿದು ಗೋವೆಯನ್ನು ಸೇರುತ್ತದೆ. ಇಂದು ನಗರವು ಬೆಳೆದು ಪೀರನವಾಡಿಯನ್ನು ಮುಟ್ಟಿದೆಯಾದರೂ, ಬಹುಕಾಲದವರೆಗೆ ಇದು ಪೇಟೆ ಮುಗಿದು ಹಳ್ಳಿ ಮೊದಲಾಗುವ ಎಡೆಯಾಗಿತ್ತು. ವೈದ್ಯರು, ಔಷಧಗಳು, ದೊಡ್ಡ ಆಸ್ಪತ್ರೆಗಳು ಹಾದಿಯ ಆ ತುದಿಯಲ್ಲಿ. ಹೆರುವವರು, ಹುಟ್ಟುವವರು, ಸಾಯುವವರು ಈ ತುದಿಯಲ್ಲಿ. ಈ ಎರಡು ತುದಿಗಳ ನಡುವಣ ಅಂತರವನ್ನು ಯಾರು ತುಂಬಿದರು, ಎಷ್ಟರಮಟ್ಟಿಗೆ ತುಂಬಿದರು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಇತಿಹಾಸವೆಂದರೆ ಹಲಸಿಯ ಕದಂಬರು ನೆನಪಾಗುತ್ತಾರೆ. ಕಿತ್ತೂರಿನ ರಾಣಿ ನೆನಪಾಗುತ್ತಾಳೆ. 1831ರಲ್ಲಿ ನಂದಗಡದಲ್ಲಿ ನೇಣುಗಂಬವನ್ನೇರಿದ ಸಂಗೊಳ್ಳಿ ರಾಯಣ್ಣ ನೆನಪಾಗುತ್ತಾನೆ. ಅದು ಯೋಗ್ಯವೇ. ಆದರೆ ಬಾಣಂತಿಯ ಕೋಣೆಯೊಳಗೆ ನಡೆದ ಸಾವುಗಳಿಗೆ ವೀರಗಲ್ಲುಗಳಿಲ್ಲ. ಹದಿನಾರು ಹದಿನೇಳು ವರ್ಷಕ್ಕೆ ತಾಯಾಗಹೊರಟು, ಕೂಸಿನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಕಣ್ಣುಮುಚ್ಚಿದ ಹೆಣ್ಣುಮಕ್ಕಳ ಲೆಕ್ಕವನ್ನು ಯಾವ ತಾಮ್ರಪಟವೂ ಹೇಳುವುದಿಲ್ಲ. ಅವರ ಇತಿಹಾಸವನ್ನು ಬರೆಯಬೇಕಾದರೆ ಬೇರೆಯೇ ಬಗೆಯ ದಾಖಲೆಗಳನ್ನು ಹುಡುಕಬೇಕು.

ಮೊದಲು ಟಿಳಕವಾಡಿಯಿಂದಲೇ ಆರಂಭಿಸೋಣ. ಅಲ್ಲಿಯ ವ್ಯಾಕ್ಸಿನ್ ಡಿಪೋ ಮೈದಾನವನ್ನು ಬಲ್ಲದವರು ಬೆಳಗಾವಿಯಲ್ಲಿ ಇಲ್ಲ. ಸಭೆ-ಸಮಾರಂಭಗಳಿಗೆ, ಆಟೋಟಗಳಿಗೆ ಅದು ಪ್ರಸಿದ್ಧ. ಆದರೆ ಆ ಹೆಸರು ಏಕೆ ಬಂತೆಂದು ಕೇಳುವ ತರುಣರು ಕಡಿಮೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಸರಕಾರವು ಇಲ್ಲಿ ಸಿಡುಬಿನ ಲಸಿಕೆಯನ್ನು ತಯಾರಿಸುವ ಸಂಸ್ಥೆಯನ್ನು ಸ್ಥಾಪಿಸಿತು. ಕರುಗಳ ಚರ್ಮದ ಮೇಲೆ ಲಸಿಕೆಯ ದ್ರವ್ಯವನ್ನು ಬೆಳೆಸಿ, ತೆಗೆದು, ಶುದ್ಧಿಮಾಡಿ ಇಲಾಖೆಯ ಊರೂರುಗಳಿಗೆ ಕಳಿಸುತ್ತಿದ್ದರು. ಅದನ್ನು ಹಿಡಿದುಕೊಂಡು ಹಳ್ಳಿಗಳಿಗೆ ಬರುತ್ತಿದ್ದವನನ್ನು ನಮ್ಮ ಹಿರಿಯರು 'ದೇವಿ ಹಾಕುವವ' ಎಂದು ಕರೆಯುತ್ತಿದ್ದರು. ಅವನು ಬಂದನೆಂದರೆ ಮಕ್ಕಳು ಕಣಜದ ಹಿಂದೆ, ಹುಲ್ಲಿನ ಬಣವೆಯ ಹಿಂದೆ ಅಡಗುತ್ತಿದ್ದುದನ್ನು ಮನೆಯ ಹಿರಿಯರ ಬಾಯಲ್ಲಿ ತಾವೂ ಕೇಳಿರಬಹುದು. ಇಂದಿಗೂ ವೃದ್ಧರ ತೋಳಿನ ಮೇಲೆ ಆ ಗುಂಡಗಿನ ಕಲೆಗಳು ಉಳಿದಿವೆ.

ಆ ಕಾಲದ ದ್ರವರೂಪದ ಲಸಿಕೆಗೆ ಒಂದು ದೊಡ್ಡ ದೌರ್ಬಲ್ಯವಿತ್ತು. ನಮ್ಮ ದೇಶದ ಬಿಸಿಲಿಗೆ ಅದು ಬೇಗ ಕೆಡುತ್ತಿತ್ತು. ಹಾದಿಯ ಆ ತುದಿಯಲ್ಲಿ ಸತ್ವಶಾಲಿಯಾಗಿದ್ದ ಔಷಧವು ಈ ತುದಿಯನ್ನು ಮುಟ್ಟುವಾಗ ನೀರಾಗಿರುತ್ತಿತ್ತು. 1962ರಲ್ಲಿ ಭಾರತವು ಸಿಡುಬು ನಿರ್ಮೂಲನದ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡ ಮೇಲೆ, ಒಣಗಿಸಿದ ಪುಡಿಯ ರೂಪದ ಲಸಿಕೆಯೇ ಇದಕ್ಕೆ ಪರಿಹಾರವೆಂದು ಕಂಡುಬಂದಿತು. ಸೋವಿಯತ್ ದೇಶವು ಅಂಥ ಲಸಿಕೆಯನ್ನು ಹೇರಳವಾಗಿ ದಾನ ಮಾಡಿತು. ಸ್ವದೇಶದಲ್ಲಿ ಅದನ್ನು ತಯಾರಿಸಿದ ಸಂಸ್ಥೆಗಳು ನಾಲ್ಕು: ಪಟವಾಡಾಂಗರ, ಮದರಾಸಿನ ಗಿಂಡಿ, ಹೈದರಾಬಾದು ಮತ್ತು ನಮ್ಮ ಬೆಳಗಾವಿ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಸಿಡುಬಿನ ರೋಗಿ ಪತ್ತೆಯಾದ ಬಳಿಕ, 1977ರ ಏಪ್ರಿಲಿನಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಅಂತರರಾಷ್ಟ್ರೀಯ ಆಯೋಗವು ಸಾರಿತು. ಎಳೆಯ ಮಕ್ಕಳನ್ನೇ ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದ ಪಿಡುಗೊಂದು ಹೀಗೆ ಅಳಿಯಿತು. ಅದರಲ್ಲಿ ಟಿಳಕವಾಡಿಯ ಪಾಲೂ ಇದೆ ಎಂಬುದು ಬೆಳಗಾವಿಯವರು ಅಭಿಮಾನಪಡಬೇಕಾದ ಸಂಗತಿ.

ಸಿಡುಬಿಗೆ ಡಿಪೋ ಇತ್ತು, ಲಸಿಕೆ ಹಾಕುವವನಿದ್ದ, ಅವನ ಕೈಯಲ್ಲಿ ದಫ್ತರವಿತ್ತು. ಹೆರಿಗೆಗೆ ಏನಿತ್ತು? ಸೂಲಗಿತ್ತಿ ಇದ್ದಳು. ಖಾನಾಪುರದ ಕಡೆ ಮರಾಠಿ ಆಡುವ ಮನೆಗಳಲ್ಲಿ ಅವಳಿಗೆ ಸುಯೀಣ ಎನ್ನುತ್ತಾರೆ. ಹೆಸರು ಬೇರೆಯಾದರೂ ಕಾಯಕ ಒಂದೇ. ಅವಳ ಬಗ್ಗೆ ಹಗುರವಾಗಿ ಮಾತನಾಡುವುದು ಕೃತಘ್ನತೆಯಾದೀತು. ನಡುರಾತ್ರಿ ಕರೆದರೂ ಎದ್ದು ಬರುತ್ತಿದ್ದಳು. ಜಾತಿ ನೋಡದೆ ಕೈಯಾಡಿಸುತ್ತಿದ್ದಳು. ಸೇರು ಜೋಳಕ್ಕೆ, ಒಂದು ಕುಬಸದ ಕಣಕ್ಕೆ ತೃಪ್ತಳಾಗುತ್ತಿದ್ದಳು. ಸುಸೂತ್ರವಾದ ಹೆರಿಗೆಯಲ್ಲಿ ಅವಳಿಗೆ ಸಾಟಿಯಿಲ್ಲ. ಆದರೆ ಹೆರಿಗೆಯಾದ ಮೇಲೆ ಗರ್ಭಕೋಶವು ಬಿಗಿದುಕೊಳ್ಳದೆ ರಕ್ತ ಹರಿಯತೊಡಗಿದರೆ ಅವಳ ಕೈಯಲ್ಲಿ ಏನೂ ಇರಲಿಲ್ಲ. 'ಕೆಟ್ಟ ರಕ್ತ ಹೋಗಲಿ' ಎಂದು ಮನೆಯವರೇ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಹೋಗುತ್ತಿದ್ದುದು ಒಳ್ಳೆಯ ರಕ್ತ; ಹೋಗುತ್ತಿದ್ದುದು ಜೀವ.

ಇನ್ನೊಂದು ಸಂಗತಿಯನ್ನು ಈ ಪತ್ರಿಕೆಯ ವಾಚಕರ ಮುಂದೆ ಹೇಳದೆ ಇರಲಾರೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನಸೂತಕ, ರಜಸ್ಸೂತಕಗಳು ಅವುಗಳಲ್ಲಿ ಎರಡು. ಹುಟ್ಟಿನಲ್ಲಿ ಮೈಲಿಗೆಯಿಲ್ಲ, ಹೆತ್ತವಳು ಅಸ್ಪೃಶ್ಯಳಲ್ಲ ಎಂಬ ಈ ನಿಲುವು ಕೇವಲ ಧರ್ಮಸೂಕ್ಷ್ಮವಲ್ಲ. ಅದು ಆರೋಗ್ಯದ ಸೂತ್ರವೂ ಹೌದು. ಏಕೆಂದರೆ ಮೈಲಿಗೆಯೆಂದು ಬಗೆದಲ್ಲಿ ಬಾಣಂತಿಗೆ ಬೆಳಕಿಲ್ಲದ ಕೋಣೆ, ಹಳೆಯ ಅರಿವೆ, ಹರಕು ಚಾಪೆ. ಮುಟ್ಟಲು ಹಿಂಜರಿಯುವ ಬಂಧುಗಳು. ಸೂತಕವಿಲ್ಲವೆಂದು ಬಾಯಲ್ಲಿ ಹೇಳುವ ನಮ್ಮ ಎಷ್ಟೋ ಮನೆಗಳಲ್ಲಿಯೂ ಬಾಣಂತಿಗೆ ನೀರು ಕಡಿಮೆ ಕೊಡುವುದು, ಹೊಗೆ ತುಂಬಿದ ಮೂಲೆಯಲ್ಲಿ ಮಲಗಿಸುವುದು, ಮೊದಲ ದಿನದ ಮೊಲೆಹಾಲನ್ನು ಚೆಲ್ಲುವುದು ನಡೆದೇ ಬಂದಿತು. ಶರಣರು ಬಾಗಿಲು ತೆರೆದು ಎಂಟು ಶತಮಾನಗಳಾದ ಮೇಲೂ ನಾವು ಆ ಕೋಣೆಯ ಕಿಟಕಿಯನ್ನು ತೆರೆದಿರಲಿಲ್ಲ.

ಸಂಸ್ಥೆಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುತ್ತೇನೆ. 1916ರ ನವೆಂಬರ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಜನ್ಮತಾಳಿತು. ಸಪ್ತರ್ಷಿಗಳೆಂದು ಜನ ಗೌರವದಿಂದ ಕರೆದ ಏಳು ಮಂದಿ ಶಿಕ್ಷಕರ ತ್ಯಾಗ, ಅರಟಾಳ ರುದ್ರಗೌಡರಂಥವರ ಬೆಂಬಲ, ಸಾಮಾನ್ಯ ರೈತರ ಕಾಣಿಕೆಗಳಿಂದ ಅದು ಬೆಳೆಯಿತು. ಘಟಪ್ರಭೆಯಲ್ಲಿ 1929ರಲ್ಲಿ ಡಾ. ಕೊಕಟನೂರ, ಡಾ. ಹರ್ಡೀಕರ ಮೊದಲಾದವರು ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿದರು. ಭೋರ್ ಸಮಿತಿಯು 1946ರ ತನ್ನ ವರದಿಯಲ್ಲಿ ಹಳ್ಳಿಹಳ್ಳಿಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಜಾಲ ಬೇಕೆಂದು ಸಲಹೆ ಮಾಡಿತು. 1952ರ ಬಳಿಕ ಅವು ಒಂದೊಂದಾಗಿ ತೆರೆದುಕೊಂಡವು. 1963ರಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆಯು ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವನ್ನು ಪ್ರಾರಂಭಿಸಿತು. ಪೀರನವಾಡಿಯ ಆಚೆ, ಜಾಂಬೋಟಿ ಹಾದಿಯ ಕಿಣಯೆಯ ಆರೋಗ್ಯ ಕೇಂದ್ರ, ವಂಟಮುರಿಯ ಕೇಂದ್ರ, ಹಂದಿಗನೂರಿನ ಕೇಂದ್ರ - ಇವು ಆ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ಹಳ್ಳಿಯ ಆರೋಗ್ಯವನ್ನು ಕಲಿಸುವ ಶಾಲೆಗಳಾದವು. ಪುಸ್ತಕದಲ್ಲಿ ಓದಿದ ರೋಗಕ್ಕೂ ಸೆಗಣಿ ಸಾರಿಸಿದ ನೆಲದ ಮೇಲೆ ಮಲಗಿದ ರೋಗಿಗೂ ಎಷ್ಟು ಅಂತರವೆಂಬುದನ್ನು ಅನೇಕ ತರುಣ ವೈದ್ಯರು ಅರಿತದ್ದು ಇಂಥ ಹಾದಿಗಳಲ್ಲಿಯೇ.

ಆದರೂ ಹೆರಿಗೆ ಮನೆಯಲ್ಲಿಯೇ ಉಳಿಯಿತು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದಲ್ಲಿ ನೂರಕ್ಕೆ 38ರಷ್ಟು ಹೆರಿಗೆಗಳು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2001-03ರ ಸುಮಾರಿಗೆ ರಾಜ್ಯದಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. ದೇಶದಲ್ಲಿ ತಾಯಂದಿರ ಸಾವುಗಳ ಪೈಕಿ ನೂರಕ್ಕೆ 38ಕ್ಕೆ ರಕ್ತಸ್ರಾವವೇ ಕಾರಣವೆಂದು ಅದೇ ಕಾಲದ ಸರಕಾರಿ ಲೆಕ್ಕ ಹೇಳಿತು.

ಇಂಥ ಸಂದರ್ಭದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ನನ್ನ ಮಟ್ಟಿಗೆ, ಸ್ವಾತಂತ್ರ್ಯೋತ್ತರ ಬೆಳಗಾವಿಯ ಇತಿಹಾಸದಲ್ಲಿ ಇದಕ್ಕೆ ಮಿಗಿಲಾದ ಘಟನೆಗಳು ಹೆಚ್ಚಿಲ್ಲ. ಆದರೂ ಇದರ ಸುದ್ದಿ ನಮ್ಮ ಜನಕ್ಕಿಂತ ಪರದೇಶದ ವೈದ್ಯರಿಗೇ ಹೆಚ್ಚು ತಿಳಿದಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ವಾಚಕರು ತಾಳ್ಮೆಯಿಂದ ಓದಬೇಕು.

ಕೂಸು ಹುಟ್ಟಿ ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿದುಕೊಂಡರೆ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಆರೋಗ್ಯವಂತ ಹೆಣ್ಣುಮಗಳು ಕೂಡ ಕೆಲವೇ ತಾಸುಗಳಲ್ಲಿ ತೀರಿಕೊಳ್ಳಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಇದೆ. ಆದರೆ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ದೀಪವೇ ಸರಿಯಾಗಿಲ್ಲದ ಮನೆಯಲ್ಲಿ ತಂಪುಪೆಟ್ಟಿಗೆ ಎಲ್ಲಿಯದು? ಹಳೆಯ ಸಿಡುಬಿನ ಲಸಿಕೆಯನ್ನು ಕಾಡಿದ ಬಿಸಿಲೇ ಇಲ್ಲಿಯೂ ಅಡ್ಡ ಬಂದಿತೆಂಬುದನ್ನು ಗಮನಿಸಿರಿ. ಮಿಸೋಪ್ರೊಸ್ಟಾಲ್ ಎಂಬ ಗುಳಿಗೆಯು ಇದೇ ಕೆಲಸವನ್ನು ಮಾಡಬಲ್ಲದು. ಅದಕ್ಕೆ ತಂಪು ಬೇಡ, ಸೂಜಿ ಬೇಡ, ನೀರಿನೊಡನೆ ನುಂಗಿದರಾಯಿತು. ಆದರೆ ಹಳ್ಳಿಯ ಹೆರಿಗೆಯಲ್ಲಿ ಅದು ನಿಜವಾಗಿಯೂ ಪ್ರಾಣ ಉಳಿಸೀತೇ? ಯಾರಿಗೂ ಖಚಿತವಿರಲಿಲ್ಲ.

ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ, ಡಾ. ಮೃತ್ಯುಂಜಯ ಬೆಲ್ಲದ ಮೊದಲಾದವರು ಅಮೇರಿಕೆಯ ಡಾ. ರಿಚರ್ಡ್ ಡರ್ಮನ್ ಅವರೊಡಗೂಡಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, 2002ರ ಸೆಪ್ಟೆಂಬರದಿಂದ 2005ರ ಡಿಸೆಂಬರದವರೆಗೆ, 1620 ಹೆಣ್ಣುಮಕ್ಕಳು ಇದರಲ್ಲಿ ಪಾಲ್ಗೊಂಡರು. ಹೆರಿಗೆ ಮಾಡಿಸಿ, ಗುಳಿಗೆ ಕೊಟ್ಟು, ರಕ್ತವನ್ನು ಅಳೆದವರು ದೊಡ್ಡ ವೈದ್ಯರಲ್ಲ. 25 ಮಂದಿ ಕಿರಿಯ ಆರೋಗ್ಯ ಸಹಾಯಕಿಯರು. ಹಳ್ಳಿಯ ಜನ ನರ್ಸಬಾಯಿ ಎಂದು ಕರೆಯುವುದು ಇವರನ್ನೇ. ವೈದ್ಯರ ಹೆಸರುಗಳು ಪ್ರಬಂಧದ ತಲೆಬರೆಹದಲ್ಲಿ ಬಂದವು, ಬರಬೇಕಾದುದೇ. ಆ ಇಪ್ಪತ್ತೈದು ಹೆಣ್ಣುಮಕ್ಕಳು ಮಾತ್ರ ಒಂದು ಸಂಖ್ಯೆಯಾಗಿ ಉಳಿದರು. ಕಾಯಕದ ಹಿರಿಮೆಯನ್ನು ಕೊಂಡಾಡುವ ನಾವು ಅವರನ್ನು ಇಲ್ಲಿ ನೆನೆಯದೆ ಇರಬಾರದು.

812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ನೋಡಲು ಹಾಗೆಯೇ ಇದ್ದ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಇದನ್ನು ಓದಿದಾಗ ಅನೇಕರ ಮನಸ್ಸು ಮುದುಡುತ್ತದೆ. ನನ್ನದೂ ಮುದುಡಿತು. ಬಡವರ ಹೆಣ್ಣುಮಕ್ಕಳ ಮೇಲೆ ಪರೀಕ್ಷೆಯೇ? ಔಷಧವಿದ್ದೂ ಅರ್ಧ ಜನಕ್ಕೆ ಬರಿಯ ಗುಳಿಗೆಯೇ? ಈ ಪ್ರಶ್ನೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅದಕ್ಕೆ ಉತ್ತರ ಇಷ್ಟು: ಆ ಗುಳಿಗೆ ಈ ಕೆಲಸಕ್ಕೆ ಸಲ್ಲುವುದೆಂದು ಆಗ ಸಿದ್ಧವಾಗಿರಲಿಲ್ಲ, ಮನೆಯ ಹೆರಿಗೆಗಳಲ್ಲಿ ರಕ್ತಸ್ರಾವವನ್ನು ತಡೆಯಲು ಯಾವ ಮದ್ದನ್ನೂ ಕೊಡುವ ಪದ್ಧತಿ ಅಂದು ಅಲ್ಲಿ ಇರಲಿಲ್ಲ, ಪಾಲ್ಗೊಂಡವರ ಒಪ್ಪಿಗೆಯನ್ನು ಮೊದಲೇ ಪಡೆಯಲಾಗಿತ್ತು. ಬರಿಯ ಗುಳಿಗೆ ನುಂಗಿದವಳ ಪಕ್ಕದಲ್ಲಿಯೂ ಕಲಿತ ಸಹಾಯಕಿಯೊಬ್ಬಳು ಎರಡು ತಾಸು ಕುಳಿತು ರಕ್ತವನ್ನು ಅಳೆಯುತ್ತಿದ್ದಳು. ಅದಕ್ಕಿಂತ ಮುಂಚೆ ಅಂಥ ಮನೆಗಳಲ್ಲಿ ಇಷ್ಟೂ ಇರಲಿಲ್ಲ. ಈ ಉತ್ತರ ನನಗೆ ಪೂರ್ಣ ಸಮಾಧಾನ ಕೊಟ್ಟಿತೆಂದು ಹೇಳಲಾರೆ. ಆದರೆ ಪ್ರಶ್ನೆ ಕೇಳದೆ, ಅಳೆಯದೆ, ಊಹೆಯ ಮೇಲೆಯೇ ಸಾವಿರಾರು ತಾಯಂದಿರನ್ನು ಕಳೆದುಕೊಂಡ ಶತಮಾನಗಳಿಗೆ ಹೋಲಿಸಿದಾಗ ಈ ಹಾದಿಯೇ ಮೇಲೆಂದು ತೋರುತ್ತದೆ. ಆ 808 ಮಂದಿಯ ಋಣವನ್ನು ಮಾತ್ರ ಯಾರೂ ಮರೆಯಕೂಡದು.

ಫಲವೇನಾಯಿತು? ಬರಿಯ ಗುಳಿಗೆಯವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರು ಅಥವಾ ಅದಕ್ಕೂ ಹೆಚ್ಚು ರಕ್ತ ಹೋಗಿತ್ತು; ನಿಜ ಗುಳಿಗೆಯವರಲ್ಲಿ ನೂರಕ್ಕೆ 6.4. ಅತಿ ತೀವ್ರವಾದ ರಕ್ತಸ್ರಾವವು ನೂರಕ್ಕೆ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬ ಲೆಕ್ಕ ಸಿಕ್ಕಿತು. ಚಳಿ-ಜ್ವರ ಕೆಲಹೊತ್ತು ಕಾಣಿಸಿಕೊಂಡು ಇಳಿಯುತ್ತಿತ್ತು, ಅದೊಂದೇ ಕಾಟ. ಈ ಪ್ರಬಂಧವು 2006ರಲ್ಲಿ ಲಂಡನ್ನಿನ ಸುಪ್ರಸಿದ್ಧ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಾಣಂತಿಯರ ರಕ್ತಸ್ರಾವವನ್ನು ತಡೆಯುವ ಅಗತ್ಯ ಔಷಧಗಳ ಪಟ್ಟಿಯಲ್ಲಿ ಈ ಗುಳಿಗೆಯನ್ನು ಸೇರಿಸಿತು.

ಗುಳಿಗೆಯ ಕೀರ್ತಿಯಲ್ಲಿ ಮರೆಯಾದ ಇನ್ನೊಂದು ವಸ್ತುವಿದೆ; ಅದರ ಕಡೆಗೆ ವಾಚಕರ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇನೆ. ಎಷ್ಟು ರಕ್ತ ಹೋಯಿತೆಂಬುದನ್ನು ತಿಳಿಯುವ ಬಗೆ ಹೇಗೆ? ಅಲ್ಲಿಯವರೆಗೆ ಕಣ್ಣಂದಾಜೇ ಪ್ರಮಾಣ. ಸೀರೆ ಎಷ್ಟು ತೊಯ್ದಿದೆ, ನೆಲ ಎಷ್ಟು ಒದ್ದೆಯಾಗಿದೆ ಎಂದು ನೋಡಿ ಹೇಳುವುದು. ಸಂಶೋಧಕರು ಒಂದು ಪ್ಲಾಸ್ಟಿಕ್ ಹಾಳೆಯನ್ನು ಸಿದ್ಧಮಾಡಿದರು. ಕೂಸು ಹೊರಬಂದೊಡನೆ ಅದನ್ನು ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವುದು. ಅದರ ತುದಿಯಲ್ಲಿ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಹಾಲಿನವನ ಮಾಪಿನಷ್ಟೇ ಸರಳ. ಈ ಚೀಲದ ಅಳತೆಯೊಡನೆ ಹೋಲಿಸಿ ನೋಡಿದಾಗ ಕಣ್ಣಂದಾಜು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆ ಹೇಳುತ್ತಿತ್ತೆಂದು ತಿಳಿದುಬಂದಿತು. ಅಂದರೆ ಪಳಗಿದ ಕಣ್ಣು ಕೂಡ ಹೆಣ್ಣಿನ ರಕ್ತವನ್ನು ಇರುವುದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ! 'ಇಷ್ಟು ಹೋಗುವುದು ಸಹಜ, ಎಲ್ಲರಿಗೂ ಹೋಗುತ್ತದೆ' ಎಂಬ ಮಾತಿನ ಹಿಂದೆ ಎಷ್ಟು ಸಾವುಗಳು ಅಡಗಿದ್ದವೆಂಬುದು ಇದರಿಂದ ಊಹೆಗೆ ಬರುತ್ತದೆ. ಬೆಳಗಾವಿಯ ಹಳ್ಳಿಗಳಲ್ಲಿ ಬಳಕೆಗೆ ಬಂದ ಅಂಥ ಅಳತೆಯ ಚೀಲವೇ ಮುಂದೆ ಆಫ್ರಿಕದ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ತಳಹದಿಯಾಯಿತು. ಬೇಗ ಅಳೆದು ಬೇಗ ಚಿಕಿತ್ಸೆ ಕೊಟ್ಟಲ್ಲಿ ತೀವ್ರ ಅಪಾಯಗಳು ನೂರಕ್ಕೆ 60ರಷ್ಟು ತಗ್ಗಿದವೆಂದು 2023ರಲ್ಲಿ ಆ ಅಧ್ಯಯನ ವರದಿ ಮಾಡಿತು.

ತಾಯಿಯ ಮಾತು ಇಷ್ಟಾಯಿತು. ಕೂಸಿನ ಮಾತೂ ಇದೇ ಬಗೆಯದು. ಹುಟ್ಟಿದ ಕೂಸು ಅಳದಿದ್ದರೆ ಸತ್ತೇ ಹುಟ್ಟಿತೆಂದು ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿಡುವುದು ನಮ್ಮಲ್ಲಿಯೂ ಇತ್ತು, ಅನ್ಯದೇಶಗಳಲ್ಲಿಯೂ ಇತ್ತು. ಬೆಳಗಾವಿಯೂ ಸೇರಿದಂತೆ ಆರು ದೇಶಗಳ 96 ಗ್ರಾಮೀಣ ಸಮುದಾಯಗಳಲ್ಲಿ ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಲಾಯಿತು: ಒರೆಸುವುದು, ಬೆನ್ನು ನೀವುವುದು, ಬೆಚ್ಚಗಿಡುವುದು, ಉಸಿರಾಡದಿದ್ದರೆ ಚೀಲ-ಮುಖವಾಡದಿಂದ ಗಾಳಿಯೂಡುವುದು. 2010ರಲ್ಲಿ ಅದರ ಫಲಿತಾಂಶ ಹೊರಬಿದ್ದಿತು. ಮೊದಲ ವಾರದ ಶಿಶುಮರಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲವೆಂಬುದನ್ನು ಮೊದಲು ಹೇಳಬೇಕು. ಇದ್ದುದನ್ನು ಇದ್ದ ಹಾಗೆಯೇ ಹೇಳುವುದು ಸತ್ಯಶೋಧನೆಯ ಧರ್ಮ. ಆದರೆ ಸತ್ತು ಹುಟ್ಟಿದವೆಂದು ಬರೆಯಲಾಗುತ್ತಿದ್ದ ಕೂಸುಗಳ ಪ್ರಮಾಣವು ಸಾವಿರಕ್ಕೆ 23ರಿಂದ ಸುಮಾರು 16ಕ್ಕೆ ಇಳಿದಿತ್ತು. ಹಾಗಾದರೆ ಆ ಏಳು ಕೂಸುಗಳು ಎಲ್ಲಿದ್ದವು? ಜೀವವಿದ್ದೂ ಸತ್ತವೆಂದು ಎಣಿಸಲಾದವುಗಳು ಅವುಗಳಲ್ಲಿ ಇದ್ದಿರಲೇಬೇಕು. ಒಂದು ನಿಮಿಷ ಬೆನ್ನು ನೀವುವ ಕೈ ಇಲ್ಲದುದಕ್ಕೆ ಅವು ಮೂಲೆಗೆ ಬಿದ್ದಿದ್ದವು.

ಇಷ್ಟರಲ್ಲಿ ಕಾಲವೂ ಮಗ್ಗಲು ಬದಲಿಸಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಆಶಾ ಕಾರ್ಯಕರ್ತೆಯರು ಬಂದರು. 2007ರಲ್ಲಿ ರಾಜ್ಯ ಸರಕಾರದ ಮಡಿಲು ಕಿಟ್ಟು, 2008ರ ನವೆಂಬರದಿಂದ 108ರ ವಾಹನ. ತವರಿನವರು ಬಾಣಂತನದ ಸಾಮಾನನ್ನು ಕಟ್ಟಿಕೊಡುವಂತೆ ಸರಕಾರವೇ ಸೊಳ್ಳೆಪರದೆ, ಹೊದಿಕೆ, ಸಾಬೂನುಗಳ ಚೀಲವನ್ನು ಕೊಡತೊಡಗಿದಾಗ ಬಡ ಹೆಣ್ಣುಮಕ್ಕಳ ಹೆಜ್ಜೆ ಆಸ್ಪತ್ರೆಯತ್ತ ತಿರುಗಿತು. 2019-21ರ ಸಮೀಕ್ಷೆಯಲ್ಲಿ ರಾಜ್ಯದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. ತಾಯಂದಿರ ಮರಣಪ್ರಮಾಣವು 2018-20ರ ವೇಳೆಗೆ ಲಕ್ಷಕ್ಕೆ 69ಕ್ಕೆ ಇಳಿಯಿತು. 228ರಿಂದ 69. ಒಂದು ತಲೆಮಾರಿನೊಳಗೆ ಆದ ಮಾತು ಇದು. ಆಸ್ಪತ್ರೆಯ ಬಾಗಿಲು ಮುಟ್ಟಿದೊಡನೆ ಭಯವೆಲ್ಲ ಕಳೆಯಿತೆಂದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡುದನ್ನು, ಅವರಿಗೆ ಏರಿಸಿದ ದ್ರಾವಣದ ಮೇಲೆಯೇ ಸಂಶಯ ಬಂದುದನ್ನು ನಾಡು ನೋಡಿದೆ.

ಇನ್ನು ಉಳಿದದ್ದು ಹೆರಿಗೆಗಿಂತ ಹಿಂದಿನ ಕಥೆ. ಬಾಣಂತಿಯ ಸಾವು ಹೆರಿಗೆಯ ದಿನ ಹುಟ್ಟುವುದಲ್ಲ. ಅವಳು ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗಲೇ ಅದರ ಬೀಜ ಬಿದ್ದಿರುತ್ತದೆ. ಮೈಯಲ್ಲಿ ರಕ್ತ ತುಂಬಿದ್ದವಳು ಅರ್ಧ ಲೀಟರು ಕಳೆದುಕೊಂಡರೂ ಎದ್ದು ಕೂಡುತ್ತಾಳೆ. ಮೊದಲೇ ಬಿಳಿಚಿಕೊಂಡವಳು ಅದರ ಅರ್ಧಕ್ಕೇ ಕುಸಿಯಬಹುದು. 2019-21ರಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು. ಹಿಂದಿನ ಸಮೀಕ್ಷೆಗಿಂತ ಇದು ಏರಿತ್ತು, ಇಳಿದಿರಲಿಲ್ಲ. ಆಸ್ಪತ್ರೆಯ ಹೆರಿಗೆಯಲ್ಲಿ ಗೆದ್ದ ನಾವು ಅಡಿಗೆಯ ಮನೆಯಲ್ಲಿ ಸೋತಿದ್ದೇವೆ ಎನ್ನದೆ ವಿಧಿಯಿಲ್ಲ. ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದುದನ್ನು ಸೊಸೆಯಾದವಳು, ಮಗಳಾದವಳು ಉಣ್ಣುವುದು ಹಲವು ಮನೆಗಳಲ್ಲಿ ಇನ್ನೂ ನಿಂತಿಲ್ಲ. ಬೆಳೆಯುವ ಹುಡುಗಿ ದಣಿದು ಕುಳಿತರೆ 'ಮೈಗಳ್ಳಿ' ಎನ್ನುತ್ತೇವೆ, ಮುಖ ಬಿಳಿಚಿದರೆ 'ದೃಷ್ಟಿ ತಾಗಿದೆ' ಎನ್ನುತ್ತೇವೆ. ಇದು ಕೂಡ ಕಣ್ಣಂದಾಜಿನ ಲೆಕ್ಕವೇ. ಬೆರಳ ತುದಿಯ ಒಂದು ಹನಿ ರಕ್ತ ನಿಜ ಹೇಳೀತು.

ವಿವಾಹದ ವಯಸ್ಸಿನದೂ ಹೀಗೆಯೇ. 1929ರ ಶಾರದಾ ಕಾನೂನು ಹೆಣ್ಣಿಗೆ 14 ಎಂದಿತು. 1978ರಲ್ಲಿ ಅದು 18ಕ್ಕೆ ಏರಿತು. 2006ರಲ್ಲಿ ಬಾಲ್ಯವಿವಾಹ ನಿಷೇಧದ ಹೊಸ ಕಾನೂನು ಬಂತು. ಆದರೂ 2019-21ರಲ್ಲಿ ರಾಜ್ಯದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಲಗ್ನಪತ್ರಿಕೆ ಹಿಡಿದು ಮಠಕ್ಕೆ ಬರುವವರಲ್ಲಿ ಕನ್ಯೆಯ ಜನ್ಮದಾಖಲೆಯನ್ನು ಜೊತೆಗೆ ತರುವವರು ಎಷ್ಟು ಜನರೆಂಬುದನ್ನು ವಾಚಕರು ತಾವೇ ಯೋಚಿಸಲಿ. ಶಾಲೆಗಳಲ್ಲಿ ಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆ ಕೊಡುವ ಯೋಜನೆಯಿದೆ. 2014ರಲ್ಲಿ ಕಿಶೋರರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ ಸರಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ಕುಗಳು ತೆರೆದಿವೆ. ಆದರೆ ಶಾಲೆ ಬಿಟ್ಟು ಕಬ್ಬಿನ ಗ್ಯಾಂಗಿನೊಡನೆ ಹೋದ ಹುಡುಗಿಗೆ ಸೋಮವಾರದ ಗುಳಿಗೆ ಸಿಕ್ಕುವುದಿಲ್ಲ. ಮುಟ್ಟಿನ ತೊಂದರೆಯನ್ನು ತಾಯಿಯೊಡನೆ ಹೇಳಲೂ ನಾಚುವವಳು ಕ್ಲಿನಿಕ್ಕಿನ ಬಾಗಿಲಿಗೆ ಒಬ್ಬಳೇ ಬರುವುದಿಲ್ಲ. ಅವಳ ಮನೆಯ ಬಾಗಿಲಿಗೇ ಯಾರಾದರೂ ಹೋಗಬೇಕು. ಅಂದು ದೇವಿ ಹಾಕುವವ ಹೋದ, ಆಮೇಲೆ ನರ್ಸಬಾಯಿ ಹೋದಳು. ಇಂದು ಆ ಹೊಣೆ ಹೆಚ್ಚಾಗಿ ಆಶಾ ಕಾರ್ಯಕರ್ತೆಯ ತಲೆಯ ಮೇಲಿದೆ. ಗೌರವಧನವನ್ನು ಹೆಚ್ಚಿಸಿರೆಂದು ಅವಳು ಬೆಂಗಳೂರಿನ ಬೀದಿಯಲ್ಲಿ ಮತ್ತೆ ಮತ್ತೆ ಕುಳಿತುದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ.

ಪೀರನವಾಡಿಯ ಕವಲಿಗೆ ಮರಳಿ ಬರೋಣ. ಜಾಂಬೋಟಿಯ ಹಾದಿ ಹಿಡಿದು ಕಣಕುಂಬಿಯತ್ತ ಏರಿದಂತೆ ಕಾಡು ದಟ್ಟವಾಗುತ್ತದೆ, ಮಳೆ ಬಿರುಸಾಗುತ್ತದೆ. ಭೀಮಗಡ ಅಭಯಾರಣ್ಯದ ಒಳಗಿನ ಗವಾಳಿ, ಆಮಗಾಂವದಂಥ ಊರುಗಳಲ್ಲಿ ಮಳೆಗಾಲದಲ್ಲಿ ಹಳ್ಳಗಳು ತುಂಬಿ ಹರಿದರೆ ವಾಹನ ಮುಂದೆ ಸಾಗದು. ರೋಗಿಗಳನ್ನು ಬಿದಿರು-ಕಟ್ಟಿಗೆಯ ಡೋಲಿಯಲ್ಲಿ ಹೆಗಲ ಮೇಲೆ ಹೊತ್ತು ತಂದ ಸುದ್ದಿ ಈಚಿನ ವರ್ಷಗಳಲ್ಲಿಯೂ ಬಂದಿದೆ. ನೂರಕ್ಕೆ 97ರ ಲೆಕ್ಕದಲ್ಲಿ ಸೇರದ ಮೂರು ಹೆರಿಗೆಗಳು ಆಗುವುದು ಇಂಥ ಕಡೆಗಳಲ್ಲಿಯೇ. ಮನೆಯ ಹೆರಿಗೆ ತಪ್ಪದ ಪ್ರದೇಶಗಳಲ್ಲಿ ಎಂಟನೆಯ ತಿಂಗಳಿನಲ್ಲಿಯೇ ಆರೋಗ್ಯ ಕಾರ್ಯಕರ್ತೆಯರ ಕೈಯಿಂದ ಮಿಸೋಪ್ರೊಸ್ಟಾಲ್ ಗುಳಿಗೆಯನ್ನು ಮನೆಗೆ ತಲುಪಿಸಬಹುದೆಂದು ಕೇಂದ್ರ ಸರಕಾರವು 2013ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೂಸು ಹುಟ್ಟಿದೊಡನೆ ನುಂಗಬೇಕಾದ ಪ್ರಮಾಣ 600 ಮೈಕ್ರೋಗ್ರಾಂ. 200ರ ಮೂರು ಗುಳಿಗೆಗಳು. ಹೊಟ್ಟೆಯಲ್ಲಿ ಇನ್ನೊಂದು ಕೂಸು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅವನ್ನು ಕೊಡತಕ್ಕದ್ದು. ಜಾಂಬೋಟಿಯ ಕಾಡಿನ ಬಸುರಿಯರ ಮನೆಗಳಲ್ಲಿ ಮೃಗಶಿರಾ ಮಳೆ ಹಿಡಿಯುವ ಮೊದಲು ಆ ಮೂರು ಗುಳಿಗೆಗಳು ಇವೆಯೋ ಇಲ್ಲವೋ ಎಂಬುದನ್ನು ಆಯಾ ಊರಿನವರು ಪ್ರತಿವರ್ಷ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಕೊಳ್ಳಬೇಕು.